ಎರಡನೇ ಮೆಷಿನ್ನಿನ ಬಿಲ್ಲೆಗಳು

ರಾಮನಗರದ ಮುನವ್ವರಾ ಕಾದ ಹಂಚಿನ ಮೇಲಿಂದ ರೊಟ್ಟಿಯನ್ನು ಬರಿಗೈಯಲ್ಲಿ ಎತ್ತುತ್ತಿದ್ದಳು. ಎತ್ತಿ, ತಿರುವಿ, ಮತ್ತೆ ಹಾಕಿ, ಅದರ ಮೇಲೆ ಬೆರಳೂರಿಕೊಂಡೇ ನಿಮ್ಮ ಯೋಗಕ್ಷೇಮ ವಿಚಾರಿಸುವಳು. ನೋಡಿದವರು ಹಲ್ಲು ಕಚ್ಚಿಕೊಳ್ಳಬೇಕು, ಅವಳಿಗೆ ಮಾತ್ರ ಏನೂ ಇಲ್ಲ. ಒಂಬತ್ತನೇ ವಯಸ್ಸಿಗೆ ಅವಳನ್ನು ರೇಷ್ಮೆ ನೂಲು ಬಿಚ್ಚುವ ಬೇಸಿನ್ನಿನ ಮುಂದೆ ಕೂರಿಸಿದ್ದರು. ಕುದಿಯುವ ನೀರಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅದರೊಳಗೆ ಬೆರಳಾಡಿಸಿ, ಕಣ್ಣಿಗೆ ಕಂಡೂ ಕಾಣದ ಎಳೆಯ ತುದಿ ಹುಡುಕಿ, ರಾಟೆಗೆ ಹಿಡಿಸಬೇಕು. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದ ಮೇಲೆ ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂಬುದನ್ನೇ ಆ ಬೆರಳುಗಳು ಮರೆತಿದ್ದವು. ಎಳೆಯನ್ನು ಮಾತ್ರ ಮರೆತಿರಲಿಲ್ಲ. ಕೂದಲಿಗಿಂತ ತೆಳ್ಳಗಿನ ಎಳೆ ಎಲ್ಲಿ ಎದ್ದಿದೆ, ಎಲ್ಲಿ ಮಲಗಿದೆ ಎಂದು ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು.

ಅವಳು ಕೂರುತ್ತಿದ್ದ ಬೇಸಿನ್ ಶೆಡ್ಡು ಎರಡು ಸಾವಿರದ ಮೂರರಲ್ಲಿ ಬಾಗಿಲು ಹಾಕಿತು. ಚೀನಾ ನೂಲು ಬಂದ ಮೇಲೆ ಎಷ್ಟೋ ಶೆಡ್ಡುಗಳು ಹಾಗೆ ಮುಚ್ಚಿದವು, ಅದರದೇನು ದೊಡ್ಡ ಕಥೆಯಲ್ಲ ಬಿಡಿ. ಗಂಡ ಆಫ್ತಾಬ್ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಇದ್ದೊಬ್ಬ ಮಗಳು ಜಾರಾ ಆಗಿನ್ನೂ ನಾಲ್ಕನೇ ಕ್ಲಾಸು. ಮದುವೆಯಾಗಿ ಹತ್ತು ವರ್ಷಕ್ಕೆ, ಎರಡು ಕೂಸು ಮಣ್ಣಿಗೆ ಕೊಟ್ಟ ಮೇಲೆ ಉಳಿದದ್ದು ಅದು. ಬಿಡದಿ ಕಡೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸೂಪರ್‌ವೈಸರ್ ನಟರಾಜು ಎಂಬಾತ ನೂಲು ಬಿಚ್ಚುವ ಹೆಂಗಸರನ್ನು ಹುಡುಕಿಕೊಂಡು ಬೀದಿಬೀದಿ ಅಲೆದದ್ದು ಆ ವರ್ಷವೇ. ಮಾತು ಜಾಸ್ತಿ, ಕೆಲಸ ಕಮ್ಮಿ, ಮನಸ್ಸು ಕೆಟ್ಟದ್ದಲ್ಲ, ಅಂಥ ಆಸಾಮಿ.

"ರಾಕೆಟ್ ಕೆಲ್ಸ ಕಣಕ್ಕ," ಎಂದ.

"ನಂಗ್ಯಾವ ರಾಕೆಟ್ ಬತ್ತದಪ್ಪ?"

"ನಿಂಗ್ ಬರೋದು ಬೇಡ. ನಿನ್ ಬೆರಳು ಬಂದ್ರೆ ಸಾಕು."

ಅವನು ತಮಾಷೆಗೆ ಹೇಳಿದ್ದು. ಆಮೇಲೆ ಆ ಮಾತು ನೆನೆದಾಗೆಲ್ಲ ಮುನವ್ವರಾ ತನ್ನ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಕೆಲಸ ಇಷ್ಟು. ಗಾಜಿನಂತೆ ಹೊಳೆಯುವ ಸಿಲಿಕಾ ನೂಲಿನ ಪಟ್ಟಿ ಬರುತ್ತದೆ, ಕಂದು ಅಂಟು ಹೀರಿಕೊಂಡದ್ದು. ಅದನ್ನು ತಿರುಗುವ ಅಚ್ಚಿನ ಮೇಲೆ ಪದರದ ಮೇಲೆ ಪದರ ಸುತ್ತಬೇಕು. ಅಂಚಿನಲ್ಲಿ ಎಳೆ ಎದ್ದರೆ ಬೆರಳಿಂದ ಒತ್ತಿ ಕೂರಿಸಬೇಕು. ಸುತ್ತಿ ಮುಗಿಸಿದ್ದು ಊಟದ ತಟ್ಟೆಯಷ್ಟಗಲದ, ನಡುವೆ ಸ್ವಲ್ಪ ಉಬ್ಬಿದ ಬಿಲ್ಲೆಯಾಗುತ್ತದೆ. ಅದನ್ನು ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿ, ಪಕ್ಕದ ಶೆಡ್ಡಿನಲ್ಲಿ ಬೆಂಕಿಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ಬಿಲ್ಲೆ ಬೆಂಕಿಯಲ್ಲಿ ಪಾಸಾದರೆ ಅದೇ ರೀತಿ ದೊಡ್ಡ ಕವಚ ಸುತ್ತುವುದು. ಎರಡನೇ ಮೆಷಿನ್ನಿನಲ್ಲಿ ಮುನವ್ವರಾ ಎಳೆ ಕೂರಿಸಿದರೆ, ಎದುರಿನ ಸ್ಟೂಲಿನಲ್ಲಿ ಕೂತು ಅಚ್ಚು ತಿರುಗಿಸುವವಳು ಕೂಟಗಲ್ಲಿನ ಹನುಮಂತಮ್ಮ. ಮುನವ್ವರಾಗೆ ಬರೆಯಲು ಬರುತ್ತಿರಲಿಲ್ಲವಾಗಿ ರಿಜಿಸ್ಟರಿನಲ್ಲಿ ಸಹಿ ಹಾಕುವವಳೂ ಹನುಮಂತಮ್ಮನೇ. ಎಲ್ಲರಿಗೂ ಕೈಗವಸು ಕಡ್ಡಾಯ. ಗವಸು ಹಾಕಿದರೆ ಎಳೆ ಗೊತ್ತಾಗುವುದಿಲ್ಲವೆಂದು ಮುನವ್ವರಾ ತನ್ನ ಗವಸಿನ ತೋರುಬೆರಳಿನ ತುದಿಯನ್ನು ಕತ್ತರಿಸಿ ತೆಗೆದಿದ್ದಳು. ಅವಳ ಕೆಲಸದ ನಯ ನೋಡಿ ನಟರಾಜು ಕಂಡೂ ಕಾಣದಂತಿದ್ದ.

ಪರೀಕ್ಷೆಯ ಶೆಡ್ಡಿನ ಎಂಜಿನಿಯರ್ ಸಾತನೂರಿನ ಹುಡುಗಿ ಭಾನುಪ್ರಿಯ. ಓದಿದವಳೆಂಬ ಜಂಬ ಒಸಿಯೂ ಇರಲಿಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೆಂಗಸರ ನಡುವೆ ಕೂತು ವಿವರಿಸಿದಳು. "ಆಕಾಶಕ್ಕೆ ಹೋದ ಡಬ್ಬಿ ವಾಪಸ್ ಬರ್ಬೇಕಲ್ಲ, ಆಗ ಅದರ ಸ್ಪೀಡು ಎಷ್ಟು ಗೊತ್ತಾ? ನೀವು ಒಂದ್ಸಲ ಉಸಿರು ಬಿಟ್ಟು ಎಳ್ಕೊಳ್ಳೋದ್ರೊಳಗೆ ರಾಮನಗರದಿಂದ ಚನ್ನಪಟ್ಟಣ ದಾಟಿರುತ್ತೆ. ಆ ಸ್ಪೀಡಿಗೆ ಎದುರಿನ ಗಾಳೀನೇ ಬೆಂಕಿ ಆಗಿಬಿಡುತ್ತೆ. ಮೇಲಿನ ಕವಚ ಉರೀಬೇಕು, ಸುಟ್ಟು ಸವೀಬೇಕು, ಆದ್ರೆ ಒಳಗಿರೋದಕ್ಕೆ ಬಿಸಿ ತಾಗಬಾರದು."

ಮುನವ್ವರಾ ಅನ್ನದ ಡಬ್ಬಿ ಕೆಳಗಿಟ್ಟಳು. ಅವಳಿಗೆ ಗೊತ್ತಿದ್ದದ್ದು ಇದರ ತಿರುಗಾಮುರುಗಾ. ಗೂಡುಗಳನ್ನು ಬಿಸಿಗಾಳಿಯ ಕೋಣೆಗೆ ತುಂಬಿದರೆ ಗೂಡಿನ ಒಂದು ಎಳೆಯೂ ಕೆಡುವುದಿಲ್ಲ, ಒಳಗಿನ ಹುಳು ಮಾತ್ರ ಸಾಯುತ್ತದೆ. ಬಾಗಿಲು ಹಾಕಿದ ಮೊದಲ ಕೆಲವು ನಿಮಿಷ ಕಿವಿಗೊಟ್ಟರೆ ಒಳಗೆ ಸಣ್ಣ ಹನಿಮಳೆ ಬಿದ್ದಂತೆ ಚಿಟಿಚಿಟಿ ಸದ್ದು. ಸಾವಿರಾರು ಹುಳುಗಳು ಒಟ್ಟಿಗೆ ಹೊರಳುವ ಸದ್ದದು. ಆಮೇಲೆ ಮಳೆ ನಿಲ್ಲುತ್ತದೆ. ಚಿಕ್ಕಂದಿನಲ್ಲಿ ಅವಳು ಕಿವಿ ಮುಚ್ಚಿಕೊಂಡು ಓಡಿಹೋಗುತ್ತಿದ್ದಳು.

ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಆಗೆಲ್ಲ ಬಿಲ್ಲೆಗಳನ್ನು ಸಣ್ಣ ಬೆಂಕಿಗೆ ಹಿಡಿಯುತ್ತಿದ್ದರು. ಎರಡು ಸಾವಿರದ ಐದರ ಬೇಸಿಗೆಯಲ್ಲಿ ದೊಡ್ಡ ಟಾರ್ಚು ಬಂತು. ಅದರ ಜ್ವಾಲೆ ನೀಲಿಯಿಂದ ಬಿಳಿಗೆ ತಿರುಗಿ, ಕಪ್ಪು ಗಾಜಿನ ಹಿಂದೆ ನಿಂತರೂ ಕಣ್ಣಲ್ಲಿ ನೀರು ತರಿಸುವಂಥದ್ದು. ಮೊದಲ ದಿನ ಭಾನುಪ್ರಿಯ ಸುತ್ತುವ ಹೆಂಗಸರನ್ನೂ ಕರೆದಳು. ಎರಡನೇ ಮೆಷಿನ್ನಿನ ಬಿಲ್ಲೆಯನ್ನು ಹಿಡಿಗೆ ಸಿಕ್ಕಿಸಿದರು. ಜ್ವಾಲೆ ತಾಗಿತು. ಬಿಲ್ಲೆ ಮೊದಲು ಗುಂಯ್ ಎಂದಿತು. ಆಮೇಲೆ ಅದರೊಳಗಿಂದ ಚಿಟಿಚಿಟಿ ಎಂದು ಹನಿಮಳೆಯ ಸದ್ದು ಬಂತು.

ಮುನವ್ವರಾ ಹನುಮಂತಮ್ಮನ ಸೆರಗು ಹಿಡಿದುಕೊಂಡಳು. "ಒಳಗೆ ಏನೋ ಐತೆ," ಎಂದಳು.

ಬೆಂಕಿ ಆರಿಸಿ ನೋಡಿದರೆ, ಕರ್ರಗಾದ ಬಿಲ್ಲೆಯ ಮೈಮೇಲೆ ಬೊಬ್ಬೆಗಳು ಎದ್ದಿದ್ದವು. ಎಲ್ಲೆಂದರಲ್ಲಿ ಅಲ್ಲ, ಅಂಚಿನ ಸುತ್ತ, ನಾಲ್ಕು ಬೆರಳಗಲಕ್ಕೆ ಒಂದರಂತೆ, ಸಾಲಾಗಿ. ಒಂದೊಂದೂ ಬೆರಳ ತುದಿಯಷ್ಟೇ ದೊಡ್ಡದು. ಒಳಗಿನಿಂದ ಯಾರೋ ಹೊರಗೆ ಬರಲು ಒತ್ತಿ ಒತ್ತಿ ನೋಡಿದ ಹಾಗಿತ್ತು.

ಮುಂದಿನ ವಾರ ಇನ್ನೂ ಮೂರು ಬಿಲ್ಲೆಗಳಲ್ಲಿ ಅದೇ ಕಥೆ. ಮೂರೂ ಎರಡನೇ ಮೆಷಿನ್ನಿನವು. ಸುಟ್ಟ ಬಿಲ್ಲೆಗಳನ್ನು ಸ್ಟೋರಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ವಾಚ್‌ಮನ್ ಖಲಂದರ್ ಒಂದು ಮಧ್ಯಾಹ್ನ ಬೆವರುತ್ತಾ ಬಂದು, ಇನ್ನು ತಾನು ಸ್ಟೋರಿನ ಬೀಗ ತೆಗೆಯುವುದಿಲ್ಲವೆಂದ. ಬಿಲ್ಲೆಗಳು ಟಿಕ್ ಟಿಕ್ ಅನ್ನುತ್ತವಂತೆ, ಒಂದು ಅಂದರೆ ಇನ್ನೊಂದು ಉತ್ತರ ಕೊಡುತ್ತದಂತೆ. ಎಲ್ಲರೂ ನಕ್ಕರು, ಹೋಗಿ ಕಿವಿಗೊಟ್ಟರು, ನಗು ನಿಂತಿತು. ಸುಟ್ಟದ್ದು ಆರುವಾಗ ಒಳಗೆ ಬಿರುಕು ಬಿಡುತ್ತದೆ, ಅದರ ಸದ್ದು ಅಷ್ಟೆ ಎಂದಳು ಭಾನುಪ್ರಿಯ. ಸುಟ್ಟು ಒಂಬತ್ತು ದಿನವಾಗಿದ್ದ ಬಿಲ್ಲೆಯೂ ಟಿಕ್ ಎಂದಾಗ ಅವಳೂ ಕಪಾಟಿನಿಂದ ಹಿಂದೆ ಸರಿದಳು. ನಟರಾಜು ಕೆಂಗಲ್ ಆಂಜನೇಯನ ಕುಂಕುಮ ತಂದು ಮೆಷಿನ್ನಿಗೆ ಇಟ್ಟ, ಒಂದು ನಿಂಬೆಹಣ್ಣನ್ನೂ ಕಟ್ಟಿದ.

ಕುಂಕುಮಕ್ಕೂ ನಿಂಬೆಹಣ್ಣಿಗೂ ಬೊಬ್ಬೆ ಬಗ್ಗಲಿಲ್ಲ. ಭಾನುಪ್ರಿಯ ಒಂದು ಬಿಲ್ಲೆಯನ್ನು ಗರಗಸದಲ್ಲಿ ಕೊಯ್ದಳು. ಪದರಗಳ ನಡುವೆ, ಬೊಬ್ಬೆಯ ಕೆಳಗೆ, ನುಣ್ಣಗಿನ ಪೊಳ್ಳು. "ನೀರು," ಎಂದಳು. "ಸುತ್ತುವಾಗ್ಲೇ ಹನಿ ತೇವ ಒಳಗೆ ಸೇರ್ಕೊಂಡಿದೆ. ಒಲೇಲಿ ಹೋಗಿಲ್ಲ. ದೊಡ್ಡ ಬೆಂಕಿಗೆ ಹಿಡಿದ ತಕ್ಷಣ ಹಬೆಯಾಗಿ ಪದರ ಎಬ್ಬಿಸ್ತಿದೆ. ಇದು ಮೇಲಿಂದ ಬರೋ ಡಬ್ಬೀಲಿ ಆದ್ರೆ ಕವಚ ಕಿತ್ಕೊಂಡು ಹೋಗುತ್ತೆ. ಒಳಗಿರೋದು ಬೂದಿ."

ನಟರಾಜು ಇಬ್ಬರನ್ನೂ ಆಫೀಸಿಗೆ ಕರೆಸಿದ. ಯಾರು ಕೈ ಒದ್ದೆ ಮಾಡಿಕೊಂಡದ್ದು? ಹನುಮಂತಮ್ಮನ ಸ್ಟೂಲಿನ ಪಕ್ಕ ಯಾವಾಗಲೂ ನೀರಿನ ಬಾಟಲಿ ಇರುತ್ತಿತ್ತು. ಬಾಯಲ್ಲಿ ಎಲೆಯಡಿಕೆ. ರಿಜಿಸ್ಟರಿನ ನಾಲ್ಕೂ ಸಾಲಿನಲ್ಲಿ ಅವಳದೇ ಸಹಿ.

ಹನುಮಂತಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುನವ್ವರಾ ಮುಂದೆ ಬಂದಳು. ಅವಳಿಗೆ ಅವಮಾನವಾಗಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳ ಬೆರಳಿನ ಮೇಲೆ ಯಾರೂ ಅನುಮಾನಪಟ್ಟಿರಲಿಲ್ಲ. "ನನ್ ಜಾರಾ ತಲೆ ಮೇಲೆ ಕೈ ಮಡಗಿ ಹೇಳ್ತೀನಿ. ಒಂದು ತೊಟ್ಟು ತೇವ ನನ್ ಕೈಯಿಂದ ಸೋಕಿಲ್ಲ. ಸುಳ್ಳಾದ್ರೆ ನನ್ ಮಗಳು ನಂಗೆ ದಕ್ಕದೆ ಓಗ್ಲಿ."

ಹನುಮಂತಮ್ಮ ಬಾಯಿ ಮುಚ್ಚಿದಳು.

"ಮತ್ತೆ ನೀನೇನಮ್ಮ?" ಎಂದ ನಟರಾಜು.

"ನಂದೇ ಇರ್ಬೇಕು," ಎಂದಳು ಹನುಮಂತಮ್ಮ, ನೆಲ ನೋಡುತ್ತಾ. "ಬಾಟ್ಲಿ ಮುಟ್ಟಿದ್ ಕೈಯಲ್ಲೇ ಪಟ್ಟಿ ಮುಟ್ಟಿರ್ಬೇಕು, ನಂಗೇನ್ ಗ್ಯಾನ."

ನಾಳೆಯಿಂದ ಬರಬೇಡವೆಂದರು. ಅವಳು ಬುತ್ತಿಯ ಚೀಲ ತೆಗೆದುಕೊಂಡು ಹೋದಳು. ಹೋಗುವಾಗ ಮುನವ್ವರಾಳ ಮುಖ ನೋಡಲಿಲ್ಲ. ತಪ್ಪು ಮಾಡಿದವಳು ಹೇಗೆ ನೋಡಿಯಾಳು ಎಂದುಕೊಂಡಳು ಮುನವ್ವರಾ, ಆದರೂ ಆ ದಿನ ಅವಳಿಗೆ ಊಟ ಸೇರಲಿಲ್ಲ.

ಎದುರಿನ ಸ್ಟೂಲಿಗೆ ಬೇರೆಯವರು ಬರಲೊಪ್ಪಲಿಲ್ಲ. ಅಚ್ಚಿಗೆ ಮೋಟಾರು ಹಾಕಿ ಮುನವ್ವರಾಳನ್ನು ಒಬ್ಬಳೇ ಕೂರಿಸಿದರು. ನೀರಿನ ಬಾಟಲಿ ಶೆಡ್ಡಿನೊಳಗೇ ಬರುವಂತಿರಲಿಲ್ಲ. ಅವಳು ಕೈಯನ್ನು ಮೂರು ಸಲ ಒರೆಸಿಕೊಂಡು ಹೊಸ ಬಿಲ್ಲೆ ಸುತ್ತಿದಳು. ಬೇಯಿಸಿದರು. ಬೆಂಕಿಗೆ ಹಿಡಿದರು. ಹನಿಮಳೆಯ ಸದ್ದು ಬಂತು. ನಾಲ್ಕು ಬೆರಳಿಗೊಂದು ಬೊಬ್ಬೆ, ಅದೇ ಸಾಲು, ಅದೇ ಅಳತೆ.

ಹನುಮಂತಮ್ಮನ ನಿಟ್ಟುಸಿರು ಎಂದರು ಕೆಲವರು. ನಟರಾಜು ಮೆಷಿನ್ನಿನ ಹತ್ತಿರ ಬರುವುದನ್ನೇ ಬಿಟ್ಟ. ಮುನವ್ವರಾಗೆ ಮಾತ್ರ ಬೇರೆಯದೇ ದಿಗಿಲು ಹಿಡಿಯಿತು. ಹನುಮಂತಮ್ಮ ಇಲ್ಲ, ನೀರಿಲ್ಲ, ಇರುವವಳು ತಾನೊಬ್ಬಳೇ. ಹಾಗಾದರೆ ಆಣೆ? ಸಂಜೆ ಮನೆಗೆ ಬಂದು ಜಾರಾಳ ಹಣೆ ಮುಟ್ಟಿ ನೋಡುವಳು. ಬಿಸಿ ತಿಳಿಯದ ಬೆರಳು ಅದು, ಜ್ವರವಿದೆಯೋ ಇಲ್ಲವೋ ಹೇಗೆ ತಿಳಿಯಬೇಕು? ಕೆನ್ನೆಯನ್ನು ಹಣೆಗೊತ್ತಿ ನೋಡುವಳು. ಹುಡುಗಿ ಕೆಮ್ಮಿದರೆ ಇವಳ ಎದೆ ನಿಲ್ಲುವುದು. ಇದೂ ಸಾಲದೆಂಬಂತೆ ಕೆಲವು ಕಾಲದಿಂದ ಅವಳ ಬಾಯಿ ಕಹಿ. ಟೀ ಕಹಿ, ಅನ್ನ ಕಹಿ, ಸಕ್ಕರೆ ಚೀಪಿದರೂ ಕಹಿ. ಶೆಡ್ಡಿನ ಅಂಟಿನ ವಾಸನೆಗೆ ಹೀಗಾಗಿದೆ ಎಂದು ಆಫ್ತಾಬ್ ಸಮಾಧಾನ ಹೇಳಿದ.

ಕೆಲಸಕ್ಕೆ ಕೂತಾಗ ಎದುರಿನ ಖಾಲಿ ಸ್ಟೂಲಿನಲ್ಲಿ ಯಾರೋ ಕೂತು ತನ್ನನ್ನೇ ದಿಟ್ಟಿಸಿದಂತೆ ಅನ್ನಿಸುತ್ತಿತ್ತು. ತಲೆಯೆತ್ತಿದರೆ ಯಾರೂ ಇಲ್ಲ. "ಮೇಡಂ, ಆ ಮೆಷಿನ್ನಲ್ಲಿ ನಾನೊಬ್ಳೇ ಇಲ್ಲ," ಎಂದು ಒಂದು ದಿನ ಅವಳು ಭಾನುಪ್ರಿಯಳಿಗೆ ಹೇಳಿಯೇಬಿಟ್ಟಳು. "ಇನ್ಯಾರೋ ಮುಟ್ತಾವ್ರೆ. ನೀವು ನಗ್ಬೇಡಿ."

ಭಾನುಪ್ರಿಯ ನಗಲಿಲ್ಲ. ಬೆಂಕಿಯನ್ನು ಚಿತ್ರೀಕರಿಸುವ ಕ್ಯಾಮೆರಾವನ್ನು ತಂದು ಆ ಖಾಲಿ ಸ್ಟೂಲಿನ ಮೇಲೆ ನಿಲ್ಲಿಸಿದಳು. "ಯಾರು ಮುಟ್ತಾರೋ ನೋಡೇಬಿಡೋಣ," ಎಂದಳು. ಮುನವ್ವರಾ ಬೆಳಗಿನಿಂದ ಊಟದ ಗಂಟೆಯವರೆಗೆ ಸುತ್ತಿದಳು. ಮೈಯೆಲ್ಲ ಕಣ್ಣಾಗಿ, ಉಸಿರು ಬಿಗಿಹಿಡಿದು, ಒಂದು ತಪ್ಪೂ ಆಗದಂತೆ.

ಊಟವಾದ ಮೇಲೆ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಪರದೆಯ ಮೇಲೆ ಮುನವ್ವರಾ ತಲೆ ಬಗ್ಗಿಸಿ ಕೂತಿದ್ದಳು. ಅಚ್ಚು ತಿರುಗುತ್ತಿತ್ತು. ಎಳೆಯೊಂದು ಎದ್ದಿತು. ಪರದೆಯ ಮುನವ್ವರಾಳ ಬಾಯಿ ಸ್ವಲ್ಪ ತೆರೆಯಿತು. ಬಲಗೈ ಮೇಲೆದ್ದಿತು. ಗವಸಿನಿಂದ ಇಣುಕಿದ ತೋರುಬೆರಳು ತುಟಿಯೊಳಗೆ ಹೋಗಿ, ಒಂದು ಕ್ಷಣ ಇದ್ದು, ಹೊರಬಂದು ಎಳೆಯ ಮೇಲೆ ಕೂತು ಒತ್ತಿತು. ಅಚ್ಚು ನಾಲ್ಕು ಬೆರಳಿನಷ್ಟು ತಿರುಗಿತು. ಬಾಯಿ ತೆರೆಯಿತು. ಬೆರಳು ಹೋಯಿತು, ಬಂತು.

"ಇದು ನಾನಲ್ಲ," ಎಂದಳು ಮುನವ್ವರಾ.

ಭಾನುಪ್ರಿಯ ವಿಡಿಯೋವನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು.

"ಅಲ್ಲಾಹ್, ಇದು ನಾನಲ್ಲ ಮೇಡಂ. ನಾನು ಮಾಡೇ ಇಲ್ಲ. ಬೆಳಗಿಂದ ಒಂದ್ಸಲಾನೂ ಮಾಡಿಲ್ಲ."

ಪರದೆಯಲ್ಲಿ ಅವಳು ಮಾಡುತ್ತಲೇ ಇದ್ದಳು. ಮುಖದಲ್ಲಿ ಅದರ ಸುಳಿವೇ ಇರಲಿಲ್ಲ, ಕಣ್ಣು ಎಳೆಯ ಮೇಲೆಯೇ ಇತ್ತು. ಕೈ ಮಾತ್ರ ಯಾರನ್ನೂ ಕೇಳದೆ ಮೇಲೇಳುತ್ತಿತ್ತು. ಬೆರಳು ಬರುವ ಮೊದಲೇ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಅದನ್ನು ನೋಡಿ ಮುನವ್ವರಾಳ ಮೈಮೇಲಿನ ಕೂದಲು ಎದ್ದು ನಿಂತಿತು. ತನ್ನೊಳಗೇ ಯಾರೋ ಕೂತು ಇಷ್ಟು ವರ್ಷ ತನಗೆ ಹೇಳದೆ ಬದುಕಿದ್ದಾರೆ ಅನ್ನಿಸಿತು.

ಯಾರು ಅದು ಎಂದು ಅವಳಿಗೆ ನಿಧಾನವಾಗಿ ತಿಳಿಯಿತು. ಒಂಬತ್ತು ವರ್ಷದ ಹುಡುಗಿ. ಮೊದಲ ದಿನ ಕುದಿಯುವ ಬೇಸಿನ್ನಿಗೆ ಬೆರಳಿಟ್ಟು ಚೀರಿದಾಗ ಅವಳ ಅಮ್ಮ, ಬಾಯಿಗೆ ಇಟ್ಟುಕೋ, ಉರಿ ಹೋಗುತ್ತದೆ, ಎಂದಿದ್ದಳು. ಹುಡುಗಿ ಇಟ್ಟುಕೊಂಡಳು. ಎಳೆ ಹಿಡಿದಾಗಲೆಲ್ಲ ಇಟ್ಟುಕೊಂಡಳು. ನೂಲು ಬಿಚ್ಚುವವರೆಲ್ಲ ಹಾಗೆಯೇ, ಯಾರೂ ಅದನ್ನು ಗಮನಿಸುವುದೂ ಇಲ್ಲ. ಉರಿ ಹೋಗಿ ಎಷ್ಟೋ ವರ್ಷವಾಗಿತ್ತು, ಬೇಸಿನ್ನೂ ಹೋಗಿತ್ತು. ಇಲ್ಲಿ ಕುದಿಯುವ ನೀರಿರಲಿಲ್ಲ. ಆದರೂ ಎಳೆ ಕಂಡೊಡನೆ ಆ ಬೆರಳು ತಂಪು ಹುಡುಕಿಕೊಂಡು ಬಾಯಿಗೆ ಹೋಗುತ್ತಿತ್ತು. ಅಂಟಿನ ಕಹಿಯೂ ಜೊತೆಗೆ ಹೋಗುತ್ತಿತ್ತು.

ವಿಷಯ ತಿಳಿದ ನಟರಾಜು ನಿರಾಳವಾಗಿ ಉಸಿರು ಬಿಟ್ಟ. "ಇಷ್ಟೇನಾ! ದೆವ್ವನೂ ಇಲ್ಲ, ಗಾಳೀನೂ ಇಲ್ಲ. ಬಾಯಿಗೊಂದು ಬಟ್ಟೆ ಕಟ್ಕೊ, ಆಯ್ತಲ್ಲ. ಹನುಮಂತಮ್ಮ ಎಂಗೂ ಓದ್ಳು, ಇದನ್ನ ಯಾಕೆ ಕೆದಕ್ತೀರಿ? ಇಲ್ಲೇ ಮಣ್ಣು ಮುಚ್ಚಿ."

"ನೀನು ಸುತ್ತಿದ್ದೆಲ್ಲಾನೂ ಎಸೀಬೇಕಾಗುತ್ತೆ," ಎಂದಳು ಭಾನುಪ್ರಿಯ ಮುನವ್ವರಾಗೆ. "ದೊಡ್ಡ ಕವಚಾನೂ. ಕಾರಣ ಬರೀಲೇಬೇಕು. ಹೆಸರು ಬರೆಯೋದು ಬಿಡೋದು..." ಅಲ್ಲಿಗೆ ನಿಲ್ಲಿಸಿದಳು.

"ಬರೀರಿ," ಎಂದಳು ಮುನವ್ವರಾ. "ನನ್ ಹೆಸ್ರೇ ಬರೀರಿ. ಅವ್ಳ ಸಹಿ ಹೊಡೆದಾಕಿ."

ಹೇಳಿದ್ದೇನೋ ಹೇಳಿದಳು, ಆದರೆ ಹೆದರಿಕೆ ಕಡಿಮೆಯಾಗಲಿಲ್ಲ. ಕೆಲಸ ಹೋದರೆ ಹೋಗಲಿ. ಆಣೆ ಸುಳ್ಳಾಗಿತ್ತಲ್ಲ. ಅದೂ ಬೇರೆಯವಳ ಅನ್ನ ಕಿತ್ತ ಸುಳ್ಳು. ಯಾರಿಗೆ ಅನ್ಯಾಯವಾಯಿತೋ ಅವಳ ಕಾಲು ಹಿಡಿದರೆ ಮಗಳ ಮೇಲಿನ ಆಣೆ ಇಳಿದೀತು ಎಂದು ಅವಳ ಮನಸ್ಸು ಹೇಳಿತು. ಭಾನುವಾರ ಬೆಳಿಗ್ಗೆ ಜಾರಾಳಿಗೆ ಬಾಗಿಲು ಹಾಕಿಕೊಂಡಿರಲು ಹೇಳಿ ಕೂಟಗಲ್ ಬಸ್ಸು ಹತ್ತಿದಳು.

ಹನುಮಂತಮ್ಮ ಕೊಟ್ಟಿಗೆಯ ಮುಂದೆ ಹಿಪ್ಪುನೇರಳೆ ಕಡ್ಡಿ ಒಟ್ಟುತ್ತಿದ್ದಳು. ಬೇಲಿಯಾಚೆ ಮುನವ್ವರಾಳ ಮುಖ ಕಂಡದ್ದೇ ತಡ, ಅವಳ ಕೈಯಿಂದ ಕಡ್ಡಿಯ ಹೊರೆ ಜಾರಿತು. ಮುಖದಲ್ಲಿ ರಕ್ತವಿರಲಿಲ್ಲ.

"ಮಗೀಗೇನಾಯ್ತು?" ಎಂದಳು.

"ಮಗೀಗಾ? ಏನೂ ಆಗಿಲ್ಲ. ಚೆನ್ನಾಗವ್ಳೆ."

"ದಿಟವಾಗ್ಲೂ?"

"ದಿಟ ಕಣೆ. ನಾನು ಬಂದಿದ್ದು ಬೇರೆ ಮಾತಿಗೆ." ಮುನವ್ವರಾ ಅಲ್ಲೇ ಕಡ್ಡಿಗಳ ನಡುವೆ ಕುಕ್ಕರಿಸಿ ಅವಳ ಕಾಲು ಹಿಡಿದಳು. ಕ್ಯಾಮೆರಾದ್ದು, ಬೆರಳಿನದು, ಬಾಯಿಯದು, ಎಲ್ಲವನ್ನೂ ಅಳುತ್ತಾ ಹೇಳಿದಳು. "ನಿನ್ ಕೆಲ್ಸ ನಾನೇ ಕಿತ್ಕೊಂಡೆ. ನಂಗೇ ಗೊತ್ತಿರ್ಲಿಲ್ಲ, ಅಲ್ಲಾಹ್‌ನಾಣೆಗೂ ಗೊತ್ತಿರ್ಲಿಲ್ಲ."

"ಇನ್ನೊಂದು ಆಣೆ ಇಕ್ಬೇಡ ತಾಯಿ!" ಹನುಮಂತಮ್ಮ ರೇಗಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಂಗೊತ್ತಿತ್ತು."

"ಏನು?"

"ಎರಡು ವರ್ಸ ಎದುರುಗಡೆ ಕುಂತಿವ್ನಿ ಕಣವ್ವ. ನಿನ್ ಬೆರಳು ದಿನಕ್ಕೆ ನೂರು ಸಲ ಬಾಯಿಗೋಗೋದ ನೋಡಿವ್ನಿ. ಅದ್ರಿಂದ ಬೊಬ್ಬೆ ಬತ್ತದೆ ಅಂತ ಆವತ್ತು ಮೇಡಂ ನೀರು ಅಂದಾಗ್ಲೇ ನಂಗೊಳೀತು."

"ಮತ್ಯಾಕೆ ಬಾಯ್ಬಿಡ್ಲಿಲ್ಲ?"

"ಬುಡಾನ ಅಂತಿದ್ದೆ. ಅಷ್ಟ್ರಲ್ಲಿ ನೀನು ಮಗಿನ ತಲೆ ಮ್ಯಾಲೆ ಆಣೆ ಇಕ್ಬುಟ್ಟೆ. ಆಮೇಕೆ ನಾನು ದಿಟ ಹೇಳಿದ್ರೆ ಆಣೆ ಸುಳ್ಳಾಗ್ತಿತ್ತು. ಯಾರ್ ತಲೆ ಮ್ಯಾಲೆ ಬೀಳ್ತಿತ್ತು? ನಾನೇ ತಪ್ಪು ಅಂತ ಒಪ್ಕೊಂಡ್ರೆ ಆಣೆ ಆಣೆಯಾಗೇ ಉಳೀತದೆ ಅಂದ್ಕೊಂಡೆ. ಕೆಲ್ಸ ಇನ್ನೊಂದು ಸಿಕ್ತದೆ. ಎರಡು ಕೂಸು ಕಳ್ಕೊಂಡೋಳಿಗೆ ಆ ಮಗು ಇನ್ನೊಂದು ಸಿಕ್ಕಾದಾ?"

ಮುನವ್ವರಾಳ ಅಳು ನಿಂತುಹೋಯಿತು. ಹನುಮಂತಮ್ಮ ಅವಳನ್ನೇ ನೋಡುತ್ತಿದ್ದವಳು, ಏನೋ ಹೊಳೆದಂತೆ ಸಟ್ಟನೆ ಮೇಲೆದ್ದಳು.

"ಈಗ ನೀನೇ ಬಾಯ್ಬಿಟ್ಟು ಆಡ್ಬುಟ್ಟೆಯಲ್ಲೆ. ಆಣೆ ಸುಳ್ಳಾಯ್ತು. ಮಗು ಎಲ್ಲಿ?"

"ಮನೇಲಿ..."

"ಜೊತೇಲ್ಯಾರವ್ರೆ?"

"ಯಾರೂ ಇಲ್ಲ."

"ಏಳೇ, ಬಸ್ಸು ಬರೋ ಹೊತ್ತಾಯ್ತು," ಎಂದು ಹನುಮಂತಮ್ಮ ಚಪ್ಪಲಿಯನ್ನೂ ಮೆಟ್ಟದೆ ಅವಳ ರಟ್ಟೆ ಹಿಡಿದು ಎಳೆದಳು.

ಬಸ್ಸಿಳಿದ ಮೇಲೆ ಇಬ್ಬರೂ ನಡೆಯಲಿಲ್ಲ, ಓಡಿದರು. ನಡುವಯಸ್ಸಿನ ಹೆಂಗಸರಿಬ್ಬರು, ಒಬ್ಬಳು ಬುರ್ಖಾದಲ್ಲಿ, ಒಬ್ಬಳು ಬರಿಗಾಲಲ್ಲಿ, ಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಏದುಸಿರು ಬಿಡುತ್ತಾ ಓಡುವುದನ್ನು ಜನ ನಿಂತು ನೋಡಿದರು. ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಮುನವ್ವರಾ ಬಡಿದಳು. ಒಳಗೆ ಸದ್ದಿಲ್ಲ. ಮತ್ತೆ ಬಡಿದಳು. ಜಾರಾ ಎಂದು ಕೂಗಿದಳು. ಹನುಮಂತಮ್ಮ ಎರಡೂ ಅಂಗೈಯಲ್ಲಿ ಬಾಗಿಲನ್ನು ಗುದ್ದತೊಡಗಿದಳು.

ಚಿಲಕ ಸರಿಯಿತು. ಜಾರಾ ನಿದ್ದೆಗಣ್ಣಲ್ಲಿ, ಕೆದರಿದ ಜಡೆಯಲ್ಲಿ ನಿಂತಿದ್ದಳು. "ಯಾಕಮ್ಮೀ, ಏನಾಯ್ತು?"

ಹನುಮಂತಮ್ಮ ಹುಡುಗಿಯನ್ನು ಬಾಚಿ ಎದೆಗೊತ್ತಿಕೊಂಡು, ತಲೆಯಿಂದ ಪಾದದವರೆಗೆ ಸವರಿ ನೋಡಿದಳು. ಆಮೇಲೆ ಎರಡೂ ಕೈಯನ್ನು ಅವಳ ತಲೆಯ ಮೇಲಿಟ್ಟಳು.

"ಈ ಮಗೀಗೆ ಯಾವ್ ಆಣೇನೂ ತಟ್ದಿರ್ಲಿ," ಎಂದಳು. "ಏನಿದ್ರೂ ನನ್ ಮ್ಯಾಲೆ ಬರ್ಲಿ."

"ಹಂಗನ್ಬೇಡ್ವೆ!" ಎಂದು ಮುನವ್ವರಾ ಚೀರಿದಳು. ಆದರೆ ಹನುಮಂತಮ್ಮ ಆಡುವ ಮಾತು ಆಡಿ ಮುಗಿಸಿದ್ದಳು.